ಗಿಡದ ವಿಳಾಸ

ಅಮೆರಿಕದ ಸಸ್ಯಸಂಗ್ರಹಾಲಯಗಳ ಹಳೆಯ ಚೀಟಿಗಳಲ್ಲಿ ‘ಟಿ 3 ಎನ್, ಆರ್ 2 ಡಬ್ಲ್ಯೂ, ಸೆಕ್ಷನ್ 14’ ಎಂಬಂಥ ಬರಹ ಕಾಣುತ್ತದೆ. ಅದು ಗಿಡ ಸಿಕ್ಕ ಜಾಗದ ವಿಳಾಸ.

ಮೂಲನಿವಾಸಿಗಳ ಕೈತಪ್ಪಿದ ನೆಲವನ್ನು ಮಾರಲೆಂದು ಅಲ್ಲಿನ ಸರ್ಕಾರ 1785ರ ಕಾಯಿದೆಯಂತೆ ಚೌಕಗಳಾಗಿ ಅಳೆಯಿಸತೊಡಗಿತು. 6 ಮೈಲಿ ಉದ್ದಗಲದ ಚೌಕ ಒಂದು ಟೌನ್‌ಶಿಪ್. ಅದರಲ್ಲಿ 36 ಸೆಕ್ಷನ್‌ಗಳು; ಒಂದೊಂದೂ 640 ಎಕರೆ. ಪೂರ್ವ-ಪಶ್ಚಿಮದ ಆಧಾರರೇಖೆಯಿಂದ ಉತ್ತರಕ್ಕೆ 3ನೆಯ ಸಾಲು, ಉತ್ತರ-ದಕ್ಷಿಣದ ಪ್ರಧಾನ ರೇಖೆಯಿಂದ ಪಶ್ಚಿಮಕ್ಕೆ 2ನೆಯ ಸಾಲು, ಅಲ್ಲಿನ 14ನೆಯ ಸೆಕ್ಷನ್ ಎಂಬುದೇ ಆ ಬರಹದ ಅರ್ಥ.

ಇಂಥ ಪ್ರಧಾನ ರೇಖೆಗಳು 30ಕ್ಕೂ ಹೆಚ್ಚು. ಆದ್ದರಿಂದ ರೇಖೆಯ ಇಲ್ಲವೇ ರಾಜ್ಯ, ಜಿಲ್ಲೆಗಳ ಹೆಸರು ಬರೆಯದಿದ್ದರೆ ವಿಳಾಸ ಅಪೂರ್ಣ. ಬರೆದಿದ್ದರೆ, ಊರು ಅಳಿದರೂ ಚೌಕ ಉಳಿಯುತ್ತದೆ. ಆ ಗಿಡ ಅಲ್ಲಿ ಇನ್ನೂ ಇದೆಯೇ ಎಂದು ಹೋಗಿ ನೋಡಬಹುದು.