ಕಟ್ಟುಕೊಡಿಗೆ: ಕೆರೆ ಕಟ್ಟಿದವರ ಲೆಕ್ಕ

ಕೆರೆಯೆಂದೊಡನೆ ನಮಗೆ ಅರಸರ ನೆನಪಾಗುತ್ತದೆ. ಆದರೆ ಹಳೆಯ ಮೈಸೂರು ಸೀಮೆಯ ಸಣ್ಣ ಕೆರೆಕಟ್ಟೆಗಳಲ್ಲಿ ಎಷ್ಟೋ ಅರಸರು ಕಟ್ಟಿಸಿದುವಲ್ಲ. ಊರ ಗಾವುಂಡರು, ಸೆಟ್ಟಿಗಳು, ಹೆಂಗಸರು ಸ್ವಂತ ಹಣದಿಂದ ಕಟ್ಟಿಸಿದುವು. ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ದಲ್ಲಿ ಈ ಮಾತಿಗೆ ಸಾಕ್ಷಿ ಹೇರಳವಾಗಿದೆ.

ಎರಡು ದಿಣ್ಣೆಗಳ ನಡುವಣ ಹಳ್ಳಕ್ಕೆ ಮಣ್ಣಿನ ಏರಿ, ನೀರಿನ ಕಡೆಗೆ ಕಲ್ಲಿನ ಹೊದಿಕೆ, ಗದ್ದೆಗೆ ನೀರು ಬಿಡಲು ತೂಬು, ಹೆಚ್ಚಿನ ನೀರು ಹರಿದುಹೋಗಲು ಕೋಡಿ: ಕೆರೆಯೆಂದರೆ ಇಷ್ಟೆ. ಆದರೆ ಮಣ್ಣಿನ ಏರಿಗೆ ವರ್ಷವರ್ಷವೂ ಆರೈಕೆ ಬೇಕು. ಇಲಿ, ಏಡಿ ಕೊರೆದ ಬಿಲ, ಗಿಡದ ಬೇರು, ಕಸ ಕಟ್ಟಿದ ಕೋಡಿ, ಇವುಗಳಲ್ಲಿ ಯಾವೊಂದನ್ನು ಅಲಕ್ಷಿಸಿದರೂ ದೊಡ್ಡ ಮಳೆಗೆ ಏರಿ ಒಡೆದೀತು. ಮೇಲಿನ ಕೆರೆ ಒಡೆದರೆ ಅದರ ನೀರು ನುಗ್ಗಿ ಕೆಳಗಿನ ಕೆರೆಯೂ ಒಡೆಯುವುದುಂಟು.

ಹಿರಿಯರು ಇದನ್ನರಿತೇ ಒಂದು ಏರ್ಪಾಡು ಮಾಡಿದ್ದರು. ಕೆರೆ ಕಟ್ಟಿಸಿದವರಿಗೆ ಅದರ ಕೆಳಗಿನ ಭೂಮಿಯಲ್ಲಿ ಒಂದು ಪಾಲನ್ನು ಬಿಟ್ಟುಕೊಡುತ್ತಿದ್ದರು. ಶಾಸನಗಳಲ್ಲಿ ಬಿತ್ತುವಟ್ಟವೆಂಬ ಮಾತುಂಟು. ಮೈಸೂರಿನ ಕಂದಾಯದ ಲೆಕ್ಕಗಳಲ್ಲಿ ಕಟ್ಟುಕೊಡಿಗೆ ಎಂಬ ಇನಾಂ ಕಾಣುತ್ತದೆ. ಕೆರೆ ಕಟ್ಟುವುದಕ್ಕೂ ರಿಪೇರಿ ನೋಡಿಕೊಳ್ಳುವುದಕ್ಕೂ ಕೊಟ್ಟ ಭೂಮಿ ಅದು. ಬ್ಯಾಂಕಿನ ಗುಮಾಸ್ತನಾದ ನನಗೆ ಇದರಲ್ಲಿ ಒಂದು ಒಳ್ಳೆಯ ಲೆಕ್ಕ ಕಾಣುತ್ತದೆ: ಏರಿಯೇ ಅಸಲು, ಕೊಡಿಗೆಯ ಭೂಮಿ ಸವಕಳಿಗೆಂದು ಬೇರೆ ತೆಗೆದಿಟ್ಟ ನಿಧಿ.

ಮೈಸೂರು ಸಂಸ್ಥಾನದ ನೂರಕ್ಕೆ ಸುಮಾರು 60 ಪಾಲು ನೆಲ ಕೆರೆಗಳ ಏರ್ಪಾಟಿಗೆ ಸೇರಿದೆಯೆಂದು ಇಂಜಿನಿಯರ್ ಸ್ಯಾಂಕಿ 1866ರಲ್ಲಿ ಬರೆದರು. ಆ ನೆಲದಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟವೆಂದೂ ಅವರೇ ಹೇಳಿದರು.

1954ರಿಂದ ಮುಂದೆ ಇನಾಂ ರದ್ದತಿಯ ಕಾಯಿದೆಗಳು ಬಂದುವು. 1961ರ ಕಾಯಿದೆಯಿಂದ ಹಳ್ಳಿಯ ವಂಶಪಾರಂಪರ್ಯದ ಹುದ್ದೆಗಳೂ ರದ್ದಾದುವು. ಉಳುವವನಿಗೆ ಭೂಮಿ ದೊರೆತುದು ನ್ಯಾಯವೇ. ಇನಾಂ ಹೋಯಿತೆಂದು ನಾನು ಮರುಗುವವನಲ್ಲ. ಆದರೆ ಭೂಮಿ ಕೈಯಿಂದ ಕೈಗೆ ಹೋದಾಗ ಅದಕ್ಕೆ ಅಂಟಿದ್ದ ಕೆಲಸ ಜೊತೆಗೆ ಹೋಗಲಿಲ್ಲ.

ಕೋಲಾರದ ಕಡೆಯ ನಮ್ಮೂರಿನ ಕಟ್ಟೆಯ ಕಥೆಯೂ ಇದೇ. ಹಿಂದಿನ ಕೊಡಿಗೆಯ ಗದ್ದೆಯಲ್ಲಿ ಒಂದು ತುಂಡು ನಮ್ಮ ಮನೆಗೆ ಉಳಿದಿತ್ತು. ಅದನ್ನು ಮಾರಿದ ಹಣದಿಂದ ನಾನು ಬಿ.ಕಾಂ. ಓದಿದೆ, ಈ ಊರಿಗೆ ಬಂದೆ. ಏರಿಗೆ ಮಣ್ಣು ಹಾಕುವವರಿಲ್ಲದೆ ಒಂದು ಮಳೆಗಾಲ ಕಟ್ಟೆ ಒಡೆಯಿತು. ಗದ್ದೆಯ ಬೆಲೆ ನನಗೆ ಸಂದಿತು. ಕಟ್ಟೆಯ ಬಾಕಿ ಹಾಗೆಯೇ ನಿಂತಿದೆ.

ನಮ್ಮಲ್ಲಿ ಹಲವರಿಗೆ ಊರಿನಲ್ಲಿ ಇಂಥದೊಂದು ಬಾಕಿ ಇದ್ದೀತು. ಬೇಸಗೆಯ ರಜೆಗೆ ಊರಿಗೆ ಹೋದಾಗ ಕೆರೆಯ ಏರಿಯ ಮೇಲೆ ಒಮ್ಮೆ ನಡೆದುಬರೋಣ. ಮಣ್ಣಿಗೆ, ಕೂಲಿಗೆ ಏನು ಬಿದ್ದೀತೆಂದು ಊರ ಹಿರಿಯರೊಡನೆ ಕುಳಿತು ಕೇಳೋಣ. ಈ ಸಲ ನಾನೂ ಹೊರಟಿದ್ದೇನೆ.