ಪಿಸಿಒಎಸ್: ಅಂಡಾಶಯದಿಂದ ರಕ್ತಪರೀಕ್ಷೆಯವರೆಗೆ

ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್‌ಗೆ, ಅಂದರೆ ಪಿಸಿಒಎಸ್‌ಗೆ, ಆ ಹೆಸರು ಬಂದದ್ದು ಅಂಡಾಶಯದಲ್ಲಿ ಕಾಣುವ ಗುಳ್ಳೆಗಳಿಂದ. ಆದರೆ ಅದು ಹರೆಯದ ಹೆಣ್ಣುಮಕ್ಕಳಿಗೆ ತಂದೊಡ್ಡುವ ದೂರಗಾಮಿ ಅಪಾಯ ಅಡಗಿರುವುದು ಇನ್ಸುಲಿನ್, ಸಕ್ಕರೆ ಮತ್ತು ಕೊಬ್ಬಿನ ಏರುಪೇರಿನಲ್ಲಿ. ವೈದ್ಯರ ಗಮನ ಅತ್ತ ಹೊರಳಲು ಎರಡೂವರೆ ಶತಮಾನ ಹಿಡಿಯಿತು.

1721ರಲ್ಲಿ ಇಟಲಿಯ ವೈದ್ಯ ಆಂಟೋನಿಯೊ ವಲ್ಲಿಸ್ನೇರಿ, ಮದುವೆಯಾಗಿಯೂ ಮಕ್ಕಳಾಗದ, ತುಸು ದಪ್ಪ ಮೈಕಟ್ಟಿನ ಯುವ ರೈತ ಮಹಿಳೆಯೊಬ್ಬಳ ಅಂಡಾಶಯಗಳನ್ನು ವರ್ಣಿಸಿದರು. ಅವು ಪಾರಿವಾಳದ ಮೊಟ್ಟೆಯಷ್ಟು ದೊಡ್ಡದಾಗಿ, ಉಬ್ಬುತಗ್ಗಾಗಿ, ಬೆಳ್ಳಗೆ ಹೊಳೆಯುತ್ತಿದ್ದವು. 1921ರಲ್ಲಿ ಫ್ರಾನ್ಸಿನ ಅಶಾರ್ ಮತ್ತು ತಿಯೆರ್ ಎಂಬ ವೈದ್ಯರು ‘ಗಡ್ಡವಿರುವ ಹೆಂಗಸರ ಮಧುಮೇಹ’ದ ಬಗ್ಗೆ ಬರೆದರು. ಮುಖದ ಕೂದಲಿಗೂ ಸಕ್ಕರೆ ಕಾಯಿಲೆಗೂ ನಂಟಿದೆ ಎಂಬ ಸುಳಿವು ಅಲ್ಲಿತ್ತು. ಆದರೆ ಅದನ್ನು ಅಂಡಾಶಯಕ್ಕೆ ಜೋಡಿಸುವ ಎಳೆ ಇನ್ನೂ ಸಿಕ್ಕಿರಲಿಲ್ಲ.

1935ರಲ್ಲಿ ಷಿಕಾಗೋದ ಇರ್ವಿಂಗ್ ಸ್ಟೈನ್ ಮತ್ತು ಮೈಕೆಲ್ ಲೆವೆಂಥಾಲ್ ಇಂಥ ಗುಳ್ಳೆಗಟ್ಟಿದ ಅಂಡಾಶಯಗಳಿದ್ದ ಏಳು ಮಹಿಳೆಯರ ವಿವರ ಪ್ರಕಟಿಸಿದರು. ಅವರು ಪ್ರತಿ ಅಂಡಾಶಯದ ಒಂದು ಭಾಗವನ್ನು ಕತ್ತರಿಸಿ ತೆಗೆದಾಗ ಏಳೂ ಜನರಿಗೆ ಮುಟ್ಟು ಮರಳಿತು, ಇಬ್ಬರು ಗರ್ಭಿಣಿಯರಾದರು. ಈ ಯಶಸ್ಸಿನಿಂದ ಕಾಯಿಲೆಗೆ ಅವರಿಬ್ಬರ ಹೆಸರೇ ಅಂಟಿತು. ಮುಂದೆ ದಶಕಗಳ ಕಾಲ ಇದು ಮುಟ್ಟು ಮತ್ತು ಬಸಿರಿನ ತೊಂದರೆಯೆಂದೇ ಪರಿಗಣಿತವಾಯಿತು.

ತಿರುವು ಬಂದದ್ದು 1980ರಲ್ಲಿ. ಬರ್ಗೆನ್, ಗಿವೆನ್ಸ್ ಮತ್ತು ಕಿತಾಬ್ಚಿ ಎಂಬ ಅಮೆರಿಕದ ಸಂಶೋಧಕರು, ಪಿಸಿಒಎಸ್ ಇರುವ ಮಹಿಳೆಯರ ರಕ್ತದಲ್ಲಿ ಇನ್ಸುಲಿನ್ ಹೆಚ್ಚಿದಷ್ಟೂ ಪುರುಷ ಹಾರ್ಮೋನುಗಳೂ ಹೆಚ್ಚಿರುವುದನ್ನು ಕಂಡರು. ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿದ್ದಾಗ ಮೇದೋಜೀರಕ ಗ್ರಂಥಿ ಅದನ್ನು ಇನ್ನಷ್ಟು ಸುರಿಸುತ್ತದೆ. ಆ ಹೆಚ್ಚುವರಿ ಇನ್ಸುಲಿನ್ ಅಂಡಾಶಯವನ್ನು ಕೆರಳಿಸಿ ಟೆಸ್ಟೋಸ್ಟಿರೋನ್ ಏರಿಸುತ್ತದೆ. ಗ್ರಂಥಿಗೆ ತ್ರಾಣವಿರುವವರೆಗೆ ಸಕ್ಕರೆಯ ಅಂಕಿ ಸರಿಯಾಗಿಯೇ ಇರುತ್ತದೆ. ಹೀಗಾಗಿ ಅಪಾಯ ವರ್ಷಗಟ್ಟಲೆ ಕಣ್ಣಿಗೆ ಬೀಳುವುದಿಲ್ಲ.

ಇದೆಲ್ಲ ಬೊಜ್ಜಿನ ಫಲವಿರಬಹುದೇ ಎಂಬ ಪ್ರಶ್ನೆಗೆ 1989ರಲ್ಲಿ ಆಂಡ್ರಿಯಾ ಡುನೈಫ್ ಮತ್ತು ಸಂಗಡಿಗರು ಉತ್ತರ ಕೊಟ್ಟರು. ಅವರು ಬಳಸಿದ ‘ಕ್ಲ್ಯಾಂಪ್’ ವಿಧಾನದಲ್ಲಿ ರಕ್ತನಾಳಕ್ಕೆ ಒಂದೇ ಸಮನೆ ಇನ್ಸುಲಿನ್ ಹರಿಸಿ, ಸಕ್ಕರೆ ಕುಸಿಯದಂತೆ ಜೊತೆಗೇ ಗ್ಲೂಕೋಸ್ ಕೊಡುತ್ತಾ ಹೋಗಲಾಗುತ್ತದೆ. ಕಡಿಮೆ ಗ್ಲೂಕೋಸ್ ಸಾಕಾದರೆ ಇನ್ಸುಲಿನ್ ನಾಟುತ್ತಿಲ್ಲವೆಂದರ್ಥ. ಪಿಸಿಒಎಸ್ ಇರುವ ತೆಳ್ಳನೆಯ ಮಹಿಳೆಯರಲ್ಲೂ ಈ ಪ್ರತಿರೋಧ ಕಂಡುಬಂತು.

ಹಾಗಾದರೆ ಅಪಾಯವನ್ನು ಯಾವ ಪರೀಕ್ಷೆಯಿಂದ ಹಿಡಿಯಬೇಕು? 1999ರಲ್ಲಿ ರಿಚರ್ಡ್ ಲೆಗ್ರೊ, ಡುನೈಫ್ ಮತ್ತಿತರರು ಪಿಸಿಒಎಸ್ ಇರುವ, 14ರಿಂದ 44 ವರ್ಷದ 254 ಮಹಿಳೆಯರನ್ನು ಪರೀಕ್ಷಿಸಿದರು. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತ ತೆಗೆದಾಗ ಶೇ 31.1 ಮಂದಿಯಲ್ಲಿ ಮಧುಮೇಹದ ಮುನ್ನಹಂತವೂ ಶೇ 7.5 ಮಂದಿಯಲ್ಲಿ ಮಧುಮೇಹವೂ ಪತ್ತೆಯಾದವು. ಖಾಲಿ ಹೊಟ್ಟೆಯ ಸಕ್ಕರೆಯೊಂದನ್ನೇ ನೋಡಿದ್ದರೆ ಮಧುಮೇಹಿಗಳೆಂದು ತಿಳಿಯುತ್ತಿದ್ದವರು ಶೇ 3.2 ಮಾತ್ರ. ಮಧುಮೇಹ ಇದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮಧುಮೇಹವಿಲ್ಲ ಎಂಬ ಮಾತು ಕೇಳಿ ಮನೆಗೆ ಮರಳುತ್ತಿದ್ದರು.

ಪಿಸಿಒಎಸ್ ಕುರಿತ 2003ರ ರಾಟರ್‌ಡ್ಯಾಮ್ ಒಮ್ಮತದ ಹೇಳಿಕೆ ಅಪಾಯದ ಐದು ಅಳತೆಗಳನ್ನು ಪಟ್ಟಿ ಮಾಡಿತು: 88 ಸೆಂ.ಮೀ. ಮೀರಿದ ಹೊಟ್ಟೆಯ ಸುತ್ತಳತೆ, 150 ಮಿ.ಗ್ರಾಂ. ಅಥವಾ ಅದಕ್ಕೂ ಹೆಚ್ಚು ಟ್ರೈಗ್ಲಿಸರೈಡ್, 50ಕ್ಕಿಂತ ಕಡಿಮೆ ಎಚ್‌ಡಿಎಲ್ (‘ಒಳ್ಳೆಯ’ ಕೊಲೆಸ್ಟರಾಲ್), 130/85 ಮುಟ್ಟಿದ ರಕ್ತದೊತ್ತಡ ಮತ್ತು ಏರಿದ ಸಕ್ಕರೆ. ಐದರಲ್ಲಿ ಮೂರಿದ್ದರೆ ಅದು ಮೆಟಬಾಲಿಕ್ ಸಿಂಡ್ರೋಮ್. ಆದರೆ ಈ ತಪಾಸಣೆಯನ್ನು ಮುಖ್ಯವಾಗಿ ಬೊಜ್ಜಿರುವವರಿಗೆ ಸೂಚಿಸಿದ್ದರಿಂದ ತೆಳ್ಳಗಿರುವವರು ಹೊರಗುಳಿದರು. 88ರ ಗೆರೆಯೂ ಭಾರತೀಯರಿಗೆ ಒಗ್ಗುವಂಥದ್ದಲ್ಲ. ದಕ್ಷಿಣ ಏಷ್ಯಾದವರಲ್ಲಿ ಕಡಿಮೆ ತೂಕಕ್ಕೇ ಮಧುಮೇಹ ಬರುತ್ತದೆ. 2005ರಲ್ಲಿ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ ಇಲ್ಲಿನ ಮಹಿಳೆಯರಿಗೆ 80 ಸೆಂ.ಮೀ. ಗೊತ್ತುಮಾಡಿತು. 84 ಸೆಂ.ಮೀ. ಸುತ್ತಳತೆಯ ಯುವತಿ ಮೊದಲ ಗೆರೆಯಲ್ಲಿ ತಪ್ಪಿಹೋಗಿ ಎರಡನೆಯದರಲ್ಲಿ ಸಿಗುತ್ತಾಳೆ.

2018ರಲ್ಲಿ ಬಂದು 2023ರಲ್ಲಿ ಪರಿಷ್ಕೃತವಾದ ಅಂತರರಾಷ್ಟ್ರೀಯ ಮಾರ್ಗಸೂಚಿ ಈ ಕೊರತೆ ತುಂಬಿತು. ವಯಸ್ಸು, ತೂಕ ಎಷ್ಟೇ ಇರಲಿ, ಪಿಸಿಒಎಸ್ ಗೊತ್ತಾದ ಕೂಡಲೇ ಸಕ್ಕರೆ ಮತ್ತು ಕೊಬ್ಬಿನ ಪರೀಕ್ಷೆ ಆಗಬೇಕು. ಸಕ್ಕರೆಯನ್ನು ಒಂದರಿಂದ ಮೂರು ವರ್ಷಕ್ಕೊಮ್ಮೆ, ರಕ್ತದೊತ್ತಡವನ್ನು ಪ್ರತಿ ವರ್ಷ ನೋಡಬೇಕು. ಸಕ್ಕರೆಗೆ ಅತ್ಯಂತ ನಂಬಿಕಾರ್ಹವೆಂದು ಅದು ಹೇಳಿದ್ದು ಅದೇ 75 ಗ್ರಾಂ ಗ್ಲೂಕೋಸ್ ಪರೀಕ್ಷೆಯನ್ನು. ಹದಿಹರೆಯದವರಲ್ಲಿ ಕಾಯಿಲೆ ಗುರುತಿಸಲು ಅಂಡಾಶಯದ ಸ್ಕ್ಯಾನಿಂಗ್ ಬೇಡವೆಂದೂ ಅದೇ ಮಾರ್ಗಸೂಚಿ ಹೇಳುತ್ತದೆ.