ಹಿಡಿಮರದ ಚರಿತ್ರೆ

ರಾಜ್ಯೋತ್ಸವದ ಸಂಚಿಕೆಯಲ್ಲಿ ಕೋವಿಯ ಮಾತೇಕೆ ಎಂದು ವಾಚಕರು ಹುಬ್ಬೇರಿಸಿದರೆ ಅದು ಸಹಜವೇ. ಆದರೆ ಕೋವಿ ಕನ್ನಡನಾಡಿಗೆ ಪರಕೀಯವಾದ ವಸ್ತುವೇನೂ ಅಲ್ಲ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಮನೆಯ ಕೋವಿಗಳನ್ನೆಲ್ಲ ಒರೆಸಿ ಅಣಿಗೊಳಿಸಿ, ನಳಿಗೆಯ ಬಾಯಿಗೆ ತೋಕ್‌ಪೂವನ್ನಿಟ್ಟು ಪೂಜಿಸುವುದುಂಟು. ಅಂಥ ಕೋವಿಯನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ, ಅದರ ಉಕ್ಕಿಗೆ ಎಷ್ಟು ಆರೈಕೆ ಬೇಕೋ ಮರಕ್ಕೂ ಅಷ್ಟೇ ಬೇಕೆಂಬುದು ತಿಳಿದಿರುತ್ತದೆ. ಭುಜಕ್ಕೆ ಆನಿಸಿಕೊಳ್ಳುವ, ಕೈಯಲ್ಲಿ ಹಿಡಿಯುವ ಆ ಮರದ ಭಾಗವನ್ನು ನಾವು ಇಲ್ಲಿ ಹಿಡಿಮರವೆಂದು ಕರೆಯೋಣ.

ಬೇಟೆಯ ರೈಫಲಿನ ಹಿಡಿಮರವನ್ನು ಅತ್ಯಂತ ಕಠಿಣವಾದ ಪರೀಕ್ಷೆಗೆ ಒಡ್ಡಿದ ನಾಡುಗಳಲ್ಲಿ ಸ್ಕಾಟ್ಲೆಂಡು ಮುಖ್ಯವಾದುದು. ಅಲ್ಲಿನ ಬೆಟ್ಟಗಳಲ್ಲಿ ಜಿಂಕೆಯ ಬೇಟೆಗೆ ಒಳ್ಳೆಯ ರೈಫಲನ್ನು ಆರಿಸುವುದು ಹೇಗೆ ಎಂಬ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳೇ ಈ ಲೇಖನದ ವಸ್ತು. ನಾವು ಬ್ಯಾಂಕಿನಲ್ಲಿ ಲೆಕ್ಕ ಬರೆಯುವವರು, ಬೇಟೆಗಾರರಲ್ಲ. ಆದರೆ ಒಂದು ವಸ್ತುವಿನ ಬೆಲೆಯೂ ಅದರ ಯೋಗ್ಯತೆಯೂ ಒಂದೇ ಅಲ್ಲವೆಂಬುದನ್ನು ಅಡವಿನ ಕಾಗದಗಳಲ್ಲಿ ದಿನವೂ ಕಾಣುವವರು. ಆ ಕಣ್ಣಿನಿಂದಲೇ ಈ ಚರಿತ್ರೆಯನ್ನು ಓದಿದ್ದೇವೆ.

ಮೊದಲು ಆ ಬೇಟೆಯ ಸ್ವರೂಪವನ್ನು ತಿಳಿಯಬೇಕು. ಅಲ್ಲಿಯ ಕೆಂಪು ಜಿಂಕೆ ನಮ್ಮ ಚುಕ್ಕೆ ಜಿಂಕೆಗಿಂತ ದೊಡ್ಡದು. ನಮ್ಮ ಕಡವೆಯ ದಾಯಾದಿ ಎನ್ನಬಹುದು. ಬೆಟ್ಟಗಳ ಮೇಲೆ ಮರಗಳು ವಿರಳ. ಮೊಣಕಾಲೆತ್ತರದ ಹೆದರ್ ಗಿಡ, ಜೌಗು, ಬಂಡೆ, ಬಿಡದ ಮಳೆ. ಗಾಳಿ ದಿಕ್ಕು ಬದಲಿಸಿತೆಂದರೆ ಅರ್ಧ ಮೈಲಿಯಾಚೆಯ ಹಿಂಡಿಗೂ ಮನುಷ್ಯನ ವಾಸನೆ ಮುಟ್ಟುತ್ತದೆ. ಬೇಟೆಗಾರನು ಗಾಳಿಗೆ ಎದುರಾಗಿ, ನೀರು ತುಂಬಿದ ಹಳ್ಳಗಳಲ್ಲಿ ಹೊಟ್ಟೆಯ ಮೇಲೆ ತೆವಳಿ, ನೂರು ನೂರೈವತ್ತು ಗಜದ ಅಂತರಕ್ಕೆ ಬರಬೇಕು. ಇಷ್ಟೆಲ್ಲ ಪಟ್ಟಮೇಲೆ ಸಿಗುವುದು ಸಾಮಾನ್ಯವಾಗಿ ಒಂದೇ ಗುಂಡಿನ ಅವಕಾಶ. ಅದು ನಾಲ್ಕು ಅಂಗುಲ ಆಚೆ ಬಿದ್ದರೆ, ಗಾಯಗೊಂಡ ಪ್ರಾಣಿ ಬೆಟ್ಟ ದಾಟಿಹೋಗಿ ದಿನಗಟ್ಟಲೆ ನರಳಿ ಸಾಯುತ್ತದೆ. ಆದುದರಿಂದ ಅಲ್ಲಿ ರೈಫಲಿನ ಆಯ್ಕೆ ಕೇವಲ ಶೋಕಿಯ ಮಾತಲ್ಲ. ಅದರ ತಪ್ಪಿಗೆ ದಂಡ ತೆರುವುದು ಬೇಟೆಗಾರನಲ್ಲ, ಜಿಂಕೆ.

ಹಿಂದೆ ಜನರನ್ನು ಗುಂಪುಗೂಡಿಸಿ ಜಿಂಕೆಗಳನ್ನು ಕಣಿವೆಗೆ ಅಟ್ಟಿ ಕೊಲ್ಲುವ ಪದ್ಧತಿಯಿತ್ತು; ಬೇಟೆನಾಯಿಗಳನ್ನು ಬಿಡುವುದೂ ಇತ್ತು. ವಿಲಿಯಂ ಸ್ಕ್ರೋಪ್ ಎಂಬಾತನು 1838ರಲ್ಲಿ ಹೊಂಚುಬೇಟೆಯ ಕಲೆಯನ್ನು ಕುರಿತು ಗ್ರಂಥ ಬರೆದನು. ವಿಕ್ಟೋರಿಯಾ ರಾಣಿಯೂ ಆಕೆಯ ಪತಿ ಆಲ್ಬರ್ಟನೂ 1848ರಲ್ಲಿ ಬಾಲ್ಮೋರಲ್ ಎಸ್ಟೇಟನ್ನು ಗುತ್ತಿಗೆಗೆ ಹಿಡಿದು, 1852ರಲ್ಲಿ ಕೊಂಡುಕೊಂಡರು. ಆಲ್ಬರ್ಟನಿಗೆ ಈ ಬೇಟೆಯ ಹುಚ್ಚು. ದೊರೆ ನಡೆದ ದಾರಿಯಲ್ಲಿ ಹಣವಂತರೆಲ್ಲ ನಡೆದರು. ಕುರಿಸಾಕಣೆಗೆಂದು ಬಡ ಒಕ್ಕಲುಗಳನ್ನು ಎಬ್ಬಿಸಿ ಬರಿದು ಮಾಡಿದ್ದ ಎಷ್ಟೋ ಕಣಿವೆಗಳು ಮುಂದೆ ಜಿಂಕೆಗಳ ಬೇಟೆಯ ನೆಲಗಳಾದುವೆಂಬುದನ್ನೂ ಇಲ್ಲಿ ನೆನೆಯತಕ್ಕದ್ದು. ಆ ವೈಭವದ ಅಡಿಯಲ್ಲಿ ಎಷ್ಟೋ ಸಂಸಾರಗಳ ಕಣ್ಣೀರಿದೆ.

ಆಗಿನ ರೈಫಲುಗಳು ಬಾಯಿಯಿಂದ ಮದ್ದು ತುಂಬುವಂಥವು. ಗುಂಡು ಭಾರ, ವೇಗ ಕಡಿಮೆ. ಆದುದರಿಂದ ಅದರ ದಾರಿ ಬಿಲ್ಲಿನಂತೆ ಬಾಗುತ್ತಿತ್ತು, ದೂರವನ್ನು ಅಂದಾಜು ಮಾಡುವುದರಲ್ಲಿ ಸ್ವಲ್ಪ ತಪ್ಪಿದರೂ ಗುರಿ ತಪ್ಪುತ್ತಿತ್ತು. 1856ರಲ್ಲಿ ಲಂಡನ್ನಿನ ಜೇಮ್ಸ್ ಪರ್ಡಿಯು ಹಗುರವಾದ ಗುಂಡಿಗೆ ಹೆಚ್ಚು ಮದ್ದು ಕೊಟ್ಟು ವೇಗ ಹೆಚ್ಚಿಸಿ, ಆ ಕಾಲದ ವಿಸ್ಮಯವಾಗಿದ್ದ ರೈಲುಬಂಡಿಯನ್ನು ನೆನೆದು ಅದಕ್ಕೆ ‘ಎಕ್ಸ್‌ಪ್ರೆಸ್’ ಎಂಬ ಹೆಸರಿಟ್ಟನು. 1884ರಲ್ಲಿ ಫ್ರಾನ್ಸಿನಲ್ಲಿ ಹೊಗೆಯಿಲ್ಲದ ಮದ್ದು ಬಂದಮೇಲಂತೂ ಎಲ್ಲವೂ ಬದಲಾಯಿತು. ಜರ್ಮನಿಯ ಪಾಲ್ ಮೌಸರನು 1898ರಲ್ಲಿ ಸೈನ್ಯಕ್ಕೆಂದು ರೂಪಿಸಿದ ಬೋಲ್ಟಿನ ರೈಫಲು ಬೇಟೆಗಾರರಿಗೂ ಒಗ್ಗಿತು. 1775ರಲ್ಲಿ ಡಬ್ಲಿನ್ನಿನಲ್ಲಿ ಆರಂಭವಾಗಿ ಲಂಡನ್ನಿಗೆ ಬಂದಿದ್ದ ರಿಗ್ಬಿ ಸಂಸ್ಥೆಯು ಮೌಸರನ ಉಕ್ಕಿನ ಯಂತ್ರವನ್ನು ತರಿಸಿ, ತನ್ನ ಕುಶಲಕರ್ಮಿಗಳಿಂದ ಹಿಡಿಮರ ಕೂಡಿಸಿ ಮಾರತೊಡಗಿತು. ಮೌಸರನ 7 ಮಿಲಿಮೀಟರಿನ ತೋಟೆಯನ್ನೇ ರಿಗ್ಬಿಯವರು .275 ಎಂದು ಕರೆದರು. 1903ರಲ್ಲಿ ಆಸ್ಟ್ರಿಯದಿಂದ ಮಾನ್‌ಲಿಕರ್-ಶೋನವರ್ ಬಂದಿತು. ಹಗುರವಾದ, ಮೂತಿಯವರೆಗೂ ಮರ ಹೊದಿಸಿದ ಅದರ ಗಿಡ್ಡ ಮಾದರಿ ಸ್ಕಾಟ್ಲೆಂಡಿನ ಬೇಟೆಗಾರರಿಗೆ ಬಹಳ ಪ್ರಿಯವಾಯಿತು.

ಹೀಗೆ ಉಕ್ಕಿನ ಕಾರ್ಯ ಬಹುಮಟ್ಟಿಗೆ 1903ರೊಳಗೇ ಮುಗಿಯಿತೆನ್ನಬಹುದು. ಒಂದೇ ಕಾರ್ಖಾನೆಯ ಉಕ್ಕನ್ನು ಬೇರೆ ಬೇರೆ ಅಂಗಡಿಗಳು ಕೊಂಡು ಬೇರೆ ಬೇರೆ ರೈಫಲುಗಳನ್ನು ಮಾಡಿದಾಗ, ಅವುಗಳೊಳಗಿನ ತಾರತಮ್ಯ ಬಹುಪಾಲು ನಿಂತದ್ದು ಕೈಕೆಲಸದ ಮೇಲೆ. ಆ ಕೈಕೆಲಸದ ತಿರುಳು ಹಿಡಿಮರ.

ಹಿಡಿಮರಕ್ಕೆ ಯುರೋಪಿನವರು ಆರಿಸಿಕೊಂಡ ಮರ ಅಕ್ರೋಟ. ಕಾಶ್ಮೀರದ ಕೆತ್ತನೆಯ ಪೆಟ್ಟಿಗೆಗಳಲ್ಲಿ ನಾವು ಕಾಣುವುದೂ ಅದನ್ನೇ. ಅದು ಭಾರವಲ್ಲ, ಆದರೂ ಗಟ್ಟಿ. ಪೆಟ್ಟಿಗೆ ಸುಲಭವಾಗಿ ಸೀಳುವುದಿಲ್ಲ. ಹಿಡಿತಕ್ಕೆಂದು ಕೆತ್ತುವ ಸಣ್ಣ ಚೌಕುಳಿಗೆರೆಗಳು ಉದುರದೆ ನಿಲ್ಲುತ್ತವೆ. ಫ್ರಾನ್ಸು, ತುರ್ಕಿ, ಕಾಕಸಸ್ ಸೀಮೆಗಳ ಮರಕ್ಕೆ ಹೆಸರು ಹೆಚ್ಚು. ಹಲಗೆಯನ್ನು ನೆರಳಿನಲ್ಲಿ ವರ್ಷಗಟ್ಟಲೆ ಒಣಗಲು ಬಿಡಬೇಕು. ಅವಸರದಲ್ಲಿ ಕಡೆದ ಹಸಿಮರ ಮುಂದೆ ಸೊಟ್ಟಗಾಗುತ್ತದೆ.

ಕೊಳ್ಳುವವನ ಕಣ್ಣು ಮೊದಲು ಬೀಳುವುದು ಮರದ ಕಪ್ಪು ಕಂದು ಸುಳಿಗಳ ಚಿತ್ತಾರದ ಮೇಲೆ. ಬೆಲೆ ಏರುವುದೂ ಅದರಿಂದಲೇ. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಬೇರಿನ ಹತ್ತಿರದ, ಕವಲಿನ ಹತ್ತಿರದ ಮರಕ್ಕೆ ಸುಳಿ ಹೆಚ್ಚು. ಆದರೆ ಅಲ್ಲಿ ಎಳೆ ನೇರವಾಗಿರುವುದಿಲ್ಲ. ಸುಳಿಗಳು ಭುಜಕ್ಕೆ ತಾಗುವ ಅಗಲವಾದ ಹಿಂಭಾಗದಲ್ಲಿದ್ದರೆ ಶೋಭೆ. ಕೈಹಿಡಿಯುವ ಸಣ್ಣ ಕತ್ತಿನ ಭಾಗದಲ್ಲಿದ್ದರೆ ಅಪಾಯ. ಕತ್ತಿನಲ್ಲಿ ಎಳೆಯು ನೇರವಾಗಿ, ಕತ್ತಿನ ಬಾಗನ್ನೇ ಅನುಸರಿಸಿ ಹರಿಯಬೇಕು. ಅಡ್ಡ ಎಳೆಯಿದ್ದರೆ, ಬೆಟ್ಟದಲ್ಲಿ ಒಮ್ಮೆ ಕಾಲುಜಾರಿ ಬಿದ್ದರೆ ಸಾಕು, ಹಿಡಿಮರ ಅಲ್ಲಿಯೇ ಎರಡಾಗುತ್ತದೆ. ಮುಂಭಾಗದಲ್ಲಿಯೂ ಎಳೆ ನೇರವಾಗಿರಬೇಕು. ಇಲ್ಲದಿದ್ದರೆ ಮಳೆಗೆ ಉಬ್ಬಿದ ಮರ ನಳಿಗೆಯನ್ನು ಒಂದು ಪಕ್ಕಕ್ಕೆ ಒತ್ತಿ, ನಿನ್ನೆ ಸರಿಯಾಗಿದ್ದ ಗುರಿಯನ್ನು ಇಂದು ಕೆಡಿಸುತ್ತದೆ. ಮೂತಿಯವರೆಗೂ ಮರ ಹೊದ್ದ ಚೆಲುವಾದ ಮಾದರಿಗೆ ಈ ದೋಷದ ಭಯ ಇನ್ನೂ ಹೆಚ್ಚು.

ಇನ್ನು ಕಣ್ಣಿಗೆ ಕಾಣದ ಕೆಲಸ. ಉಕ್ಕು ಕೂಡುವ ಜಾಗವನ್ನು ಮರದಲ್ಲಿ ಕಡೆಯುವಾಗ ಕುಶಲಕರ್ಮಿಯು ಉಕ್ಕಿಗೆ ದೀಪದ ಮಸಿಯನ್ನು ಬಳಿದು ಮರದೊಳಗೆ ಇಟ್ಟು ತೆಗೆಯುತ್ತಾನೆ. ಮಸಿ ತಾಗಿದ ಉಬ್ಬನ್ನು ಮಾತ್ರ ಉಳಿಯಿಂದ ಕೆರೆಯುತ್ತಾನೆ. ಮತ್ತೆ ಮಸಿ, ಮತ್ತೆ ಉಳಿ. ಎಲ್ಲ ಕಡೆಯೂ ಸಮನಾಗಿ ಮಸಿ ಹತ್ತುವವರೆಗೆ ಹೀಗೆಯೇ. ಗುಂಡು ಹಾರಿದಾಗ ಹಿಂದಕ್ಕೆ ಒದೆಯುವ ಬಲವನ್ನು ಮರ ಸಮನಾಗಿ ಹೊರಬೇಕಾದರೆ ಇದು ಆಗಲೇಬೇಕು. ಹಳೆಯ ಲಂಡನ್ ಪದ್ಧತಿಯಲ್ಲಿ ಮರವು ನಳಿಗೆಗೂ ಒತ್ತಾಗಿ ಕೂಡುತ್ತಿತ್ತು. ಇತ್ತೀಚಿನವರು ನಡುವೆ ಕೂದಲೆಳೆಯಷ್ಟು ಸಂದು ಬಿಡುತ್ತಾರೆ. ಮರ ಉಬ್ಬಿದರೂ ಉಕ್ಕಿಗೆ ತಾಗದು. ಆ ಸಂದನ್ನು ಪರೀಕ್ಷಿಸುವ ಕ್ರಮ ನಮ್ಮಂಥವರಿಗೆ ಮೆಚ್ಚಾಗುವಂಥದು: ನಳಿಗೆಗೂ ಮರಕ್ಕೂ ನಡುವೆ ಒಂದು ನೋಟನ್ನು ತೂರಿಸಿ ಹಿಂದಕ್ಕೆ ಎಳೆದುಕೊಂಡು ಹೋಗುವುದು. ಎಲ್ಲಿಯೂ ತಡೆಯದಿದ್ದರೆ ಕೆಲಸ ಸರಿ. ನೋಟಿಗೆ ಇಷ್ಟು ಸದುಪಯೋಗ ಉಂಟೆಂದು ನಮಗೂ ಗೊತ್ತಿರಲಿಲ್ಲ!

ಮರದ ಮೇಲ್ಮೈಗೆ ವಾರ್ನಿಶು ಬಳಿದರೆ ಹೊಳಪು ಒಂದೇ ದಿನದಲ್ಲಿ ಬರುತ್ತದೆ. ಅಗಸೆಯ ಎಣ್ಣೆಯನ್ನು ಅಂಗೈಯಿಂದ ತಿಕ್ಕಿ, ಒಣಗಿಸಿ, ಮತ್ತೆ ತಿಕ್ಕುವ ಪದ್ಧತಿಗೆ ವಾರಗಟ್ಟಲೆ ಬೇಕು. ಆದರೆ ವಾರ್ನಿಶಿನ ಹೊಳಪು ಬಿಸಿಲಿಗೆ ಮಿನುಗಿ ಜಿಂಕೆಯನ್ನು ಎಚ್ಚರಿಸಬಹುದು. ಗೀರು ಬಿದ್ದರೆ ಸುಲಭವಾಗಿ ಸರಿಹೋಗದು. ಎಣ್ಣೆಯ ಮರಕ್ಕೆ ಇನ್ನೊಂದು ಸಲ ಎಣ್ಣೆ ತಿಕ್ಕಿದರೆ ಆಯಿತು. ಭುಜದ ಕಡೆಯ ತಗಡಿನ ಕೆಳಗೆ, ಮರದ ಕೊಯ್ದ ತುದಿಗೆ ಎಣ್ಣೆ ಹಚ್ಚಿದೆಯೇ ಎಂದು ಅಲ್ಲಿ ಬಿಚ್ಚಿ ನೋಡುವವರು ಕಡಮೆ. ಮರ ಬೇಗ ನೀರು ಕುಡಿಯುವುದು ಅಲ್ಲಿಂದಲೇ.

ಕೊನೆಯದು ಅಳತೆ. ಕಣ್ಣುಮುಚ್ಚಿ ರೈಫಲನ್ನು ಭುಜಕ್ಕೆ ಏರಿಸಿ, ಕಣ್ಣುತೆರೆದಾಗ ನೋಟ ತಾನಾಗಿ ಗುರಿಕಂಡಿಯಲ್ಲಿ ನೆಟ್ಟಿರಬೇಕು. ದೂರದರ್ಶಕ ಕೂಡಿಸಿದ ರೈಫಲಿಗೆ ಕೆನ್ನೆ ಆನಿಸುವ ಏಣು ಸ್ವಲ್ಪ ಎತ್ತರವಾಗಿರಬೇಕು. ದರ್ಜಿಯು ಅಂಗಿಗೆ ಅಳತೆ ತೆಗೆದಂತೆ ಒಳ್ಳೆಯ ಅಂಗಡಿಯವರು ಗಿರಾಕಿಯ ತೋಳು, ಕತ್ತು, ಭುಜಗಳ ಅಳತೆ ತೆಗೆದುಕೊಳ್ಳುತ್ತಿದ್ದರು.

ಇಂಥ ಒಂದು ರೈಫಲನ್ನು ಕನ್ನಡಿಗರು ಪುಸ್ತಕದ ಮೂಲಕ ಬಲ್ಲರು. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ರುದ್ರಪ್ರಯಾಗದ ನರಭಕ್ಷಕನ ಕಥೆಯ ಮೂಲ ಲೇಖಕ ಜಿಮ್ ಕಾರ್ಬೆಟ್. ಆತನು 1907ರಲ್ಲಿ ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದುದಕ್ಕೆ ಆಗಿನ ಸಂಯುಕ್ತ ಪ್ರಾಂತದ ಲೆಫ್ಟೆನೆಂಟ್ ಗವರ್ನರ್ ಸರ್ ಜಾನ್ ಹ್ಯೂಯೆಟ್ ಕೊಡಿಸಿದ ಕಾಣಿಕೆ ರಿಗ್ಬಿಯವರ .275 ರೈಫಲು. ಕಾರ್ಬೆಟನು 1955ರಲ್ಲಿ ಕೀನ್ಯಾದಲ್ಲಿ ತೀರಿಕೊಂಡನು. ಆ ರೈಫಲು 2015ರಲ್ಲಿ ಮರಳಿ ಅದನ್ನು ಮಾಡಿದ ಅಂಗಡಿಯ ಕೈಸೇರಿತು.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯ ವಿನೋದಕ್ಕೆ ತೆರೆಯೆಳೆಯಿತು, ಅದು ಆಗಬೇಕಾದುದೇ. ಸ್ಕಾಟ್ಲೆಂಡಿನ ಸ್ಥಿತಿ ಬೇರೆ. ಅಲ್ಲಿ ತೋಳಗಳು ಎಂದೋ ಅಳಿದುವು. ಜಿಂಕೆಗಳು ಮಿತಿಮೀರಿ ಹೆಚ್ಚಿ ಎಳೆಯ ಗಿಡಗಳನ್ನು ತಿಂದು ಕಾಡು ಚಿಗುರದಂತೆ ಮಾಡುತ್ತಿವೆ. 1959ರ ಕಾಯಿದೆ ಬೇಟೆಗೆ ನಿಷಿದ್ಧ ಕಾಲವನ್ನು ಗೊತ್ತುಮಾಡಿತ್ತು. ಗಂಡು ಜಿಂಕೆಗಳ ಮಟ್ಟಿಗೆ ಅದನ್ನು 2023ರಲ್ಲಿ ತೆಗೆದುಹಾಕಿದ್ದಾರೆ. ಗುಂಡಿಗೆ ಇಷ್ಟು ವೇಗ, ಇಷ್ಟು ಶಕ್ತಿ ಇರಲೇಬೇಕೆಂದು ಅಲ್ಲಿ 1985ರಲ್ಲಿಯೇ ಆಜ್ಞೆಯಾಗಿದೆ. ಪ್ರಾಣಿ ನರಳಬಾರದೆಂಬ ಹಳೆಯ ಬೇಟೆಗಾರರ ಕಟ್ಟಳೆ ಹೀಗೆ ಕಾಯಿದೆಯಾಯಿತು. ಆದರೆ ಹಿಡಿಮರ ಹೇಗಿರಬೇಕೆಂದು ಆ ಕಾಯಿದೆ ಹೇಳುವುದಿಲ್ಲ.

ಈಗ ಪ್ಲಾಸ್ಟಿಕ್ಕಿನ, ನಾರುಗಾಜಿನ ಹಿಡಿಗಳು ಬಂದಿವೆ. ಅವು ಮಳೆಗೆ ಉಬ್ಬುವುದಿಲ್ಲ, ಅಗ್ಗವೂ ಹೌದು. ನಿತ್ಯ ಕೆಲಸದವರು ಅವನ್ನು ಆರಿಸಿದರೆ ತಪ್ಪೆನ್ನಲಾಗದು. ಆದರೂ ಮರವನ್ನೇ ಬಯಸುವವರು ಇದ್ದಾರೆ. ಅವರಿಗೆ ಹಳೆಯ ಕುಶಲಕರ್ಮಿಗಳ ಬುದ್ಧಿವಾದ ಇಷ್ಟೇ: ಮೊದಲು ಕತ್ತಿನ ಎಳೆಯನ್ನು ನೋಡಿ, ಆಮೇಲೆ ಉಕ್ಕು ಕೂಡಿದ ಅಂಚನ್ನು ನೋಡಿ, ಭುಜಕ್ಕೆ ಏರಿಸಿ ನೋಡಿ, ಚಿತ್ತಾರವನ್ನು ಕೊನೆಗೆ ನೋಡಿ. ಮನೆಗೆ ಬಾಗಿಲು ಮಾಡಿಸುವವರಿಗೂ, ವೀಣೆ ಕೊಳ್ಳುವವರಿಗೂ ಈ ಕ್ರಮ ಕೆಲಸಕ್ಕೆ ಬಾರದೆ ಹೋಗದೆಂದು ನಮ್ಮ ನಂಬಿಕೆ.